ನಲವತ್ತು ಪತ್ರ, ಒಂದು ಫೋನು: ಸಣ್ಣ ಸಂಸ್ಥೆಗೆ ಅನುದಾನ ಹುಡುಕುವ ಬಗ್ಗೆ

(ಸಣ್ಣ ಸಂಘ-ಸಂಸ್ಥೆಗಳ ಕಾರ್ಯಕರ್ತರ ಒಂದು ದಿನದ ಶಿಬಿರದಲ್ಲಿ ಆಡಿದ ಮಾತು. ಧ್ವನಿಮುದ್ರಣ ಕೇಳಿ ಬರೆದು ತಿದ್ದಿದ್ದು.)

ಮೊದಲು ನನ್ನ ಪೆದ್ದುತನದ ಒಂದು ಕಥೆ ಹೇಳಿಬಿಡುತ್ತೇನೆ. ಆಮೇಲೆ ನನ್ನ ಮಾತನ್ನು ಎಷ್ಟು ನಂಬಬೇಕು ಅಂತ ನೀವೇ ತೀರ್ಮಾನ ಮಾಡಿ.

ನಮ್ಮದು ಒಂದು ಸಣ್ಣ ಟ್ರಸ್ಟ್. ಸಂಜೆ ಹೊತ್ತು ಮಕ್ಕಳಿಗೆ ಓದು-ಬರಹ ಹೇಳಿಕೊಡುವ ಕೇಂದ್ರ, ಜೊತೆಗೊಂದು ಪುಟ್ಟ ಗ್ರಂಥಾಲಯ. ಎರಡನೇ ವರ್ಷಕ್ಕೇ ಕೈಯಲ್ಲಿದ್ದ ದುಡ್ಡು ಖಾಲಿಯಾಯಿತು. ಆಗ ನಾನೊಂದು ಪತ್ರ ಬರೆದೆ. ಮಕ್ಕಳ ಭವಿಷ್ಯ, ಸಮಾಜದ ಏಳಿಗೆ, ನಾಳಿನ ನಾಡು, ಎಲ್ಲ ಇತ್ತು ಅದರಲ್ಲಿ. ನಲವತ್ತು ಕಂಪನಿಗಳಿಗೆ ಕಳಿಸಿದೆ. ಮೇಲಿನ ಹೆಸರು ಬದಲಾಯಿಸುವುದು, ಕಳಿಸುವುದು, ಅಷ್ಟೇ ಕೆಲಸ. ಎರಡು ತಿಂಗಳು ಕಾದೆ. ಮೂವತ್ತೊಂಬತ್ತು ಕಡೆಯಿಂದ ಸದ್ದಿಲ್ಲ. ಒಂದು ಕಡೆಯಿಂದ ಫೋನ್ ಬಂತು. ಒಬ್ಬ ಹೆಣ್ಣುಮಗಳು, ಬಹಳ ಮರ್ಯಾದೆಯಿಂದ ಮಾತಾಡಿದರು. "ಸರ್, ಪತ್ರದ ಮೇಲೆ ನಮ್ಮ ಕಂಪನಿ ಹೆಸರಿದೆ. ಮೂರನೇ ಪ್ಯಾರಾದಲ್ಲಿ ಮಾತ್ರ ನಿಮ್ಮ ಸಿಮೆಂಟ್ ಕಾರ್ಖಾನೆಯ ಸೇವಾ ಮನೋಭಾವ ಅಂತ ಬರೆದಿದ್ದೀರಿ. ನಾವು ಸಾಫ್ಟ್‌ವೇರ್‌ನವರು."

ನೀವು ನಗುತ್ತಿದ್ದೀರಿ. ನನಗೆ ಆವತ್ತು ಭೂಮಿ ಬಾಯಿ ಬಿಡಬಾರದೇ ಅನಿಸಿತ್ತು. ಆದರೆ ಆಕೆ ಫೋನ್ ಇಡಲಿಲ್ಲ. "ನಾವು ಯಾವುದಕ್ಕೆ ದುಡ್ಡು ಕೊಡುತ್ತೇವೆ, ಹೋದ ವರ್ಷ ಯಾರಿಗೆ ಕೊಟ್ಟೆವು, ಎಲ್ಲ ವೆಬ್‌ಸೈಟಿನಲ್ಲಿದೆ. ನೋಡಿದ್ದೀರಾ?" ಅಂತ ಕೇಳಿದರು. ನೋಡಿರಲಿಲ್ಲ. ಅವರು ಆ ಎರಡು ವರ್ಷ ಕೆರೆ ಕೆಲಸಕ್ಕೆ ಮಾತ್ರ ದುಡ್ಡು ಇಟ್ಟಿದ್ದರು. ನಾನು ಎಷ್ಟು ಚೆನ್ನಾಗಿ ಬರೆದಿದ್ದರೂ ಸಿಗುತ್ತಿರಲಿಲ್ಲ. ಇವತ್ತು ನಾನು ಹೇಳುವುದರಲ್ಲಿ ಜಾಸ್ತಿ ಭಾಗ ಆ ಹತ್ತು ನಿಮಿಷದ ಫೋನಿನಿಂದಲೇ ಬಂದದ್ದು. ಕೊಡುವವರು ತಾವು ಏನು ಕೊಡುತ್ತೇವೆ ಅಂತ ಮೊದಲೇ ಬರೆದಿಟ್ಟಿರುತ್ತಾರೆ. ನಾವು ಅದನ್ನು ಓದುವ ಮೊದಲೇ ನಮ್ಮ ಪತ್ರ ಬರೆಯಲು ಕೂರುತ್ತೇವೆ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ, ಇಲ್ಲಿ ಅರ್ಧ ಜನಕ್ಕೆ ಗೊತ್ತಿರುವುದೇ. ಸಂಸ್ಥೆ ಕಟ್ಟಲು ನಮ್ಮಲ್ಲಿ ಮೂರು ದಾರಿ. ಟ್ರಸ್ಟ್ ಡೀಡ್ ಬರೆಸಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸುವುದು. ಇಲ್ಲವೇ ಕನಿಷ್ಠ ಏಳು ಜನ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡುವುದು. ಇಲ್ಲವೇ 2013ರ ಕಂಪನಿ ಕಾಯ್ದೆಯ 8ನೇ ಕಲಮಿನ ಕಂಪನಿ, ಅಂದರೆ ಲಾಭ ಹಂಚಿಕೊಳ್ಳದ ಕಂಪನಿ. ಯಾವುದು ಒಳ್ಳೆಯದು ಅಂತ ಗಂಟೆಗಟ್ಟಲೆ ಚರ್ಚೆ ಮಾಡುವವರನ್ನು ನೋಡಿದ್ದೇನೆ. ಕೊಡುವವರು ಅದನ್ನು ಅಷ್ಟು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಅವರು ನೋಡುವುದು ಮೂರು ವರ್ಷದ ಆಡಿಟ್ ವರದಿ ಇದೆಯಾ, ಸಂಸ್ಥೆಯ ಹೆಸರಿನಲ್ಲೇ ಪ್ಯಾನ್ ಇದೆಯಾ, ಬ್ಯಾಂಕ್ ಖಾತೆ ಅಧ್ಯಕ್ಷರ ಮನೆಯ ಖಾತೆಯಲ್ಲ ತಾನೇ, ಇಷ್ಟು. ನಿಮ್ಮದು ಹಳೆಯ ಸಂಘವಾಗಿದ್ದರೆ ಪ್ರತಿ ವರ್ಷ ರಿಜಿಸ್ಟ್ರಾರ್‌ಗೆ ಕೊಡಬೇಕಾದ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಕೊಟ್ಟಿದ್ದೀರಾ ಅಂತ ಊರಿಗೆ ಹೋದ ತಕ್ಷಣ ನೋಡಿ. ಬೆಳ್ಳಿಹಬ್ಬ ಮಾಡಿಕೊಂಡ ಸಂಘಗಳಲ್ಲೂ ಆರೇಳು ವರ್ಷದ ಬಾಕಿ ಇರುತ್ತದೆ.

ಆದಾಯ ತೆರಿಗೆ ಇಲಾಖೆಯ ಎರಡು ನೋಂದಣಿ ಬೇಕು. ನಾವೆಲ್ಲ 12ಎ, 80ಜಿ ಅನ್ನುತ್ತೇವಲ್ಲ, ಅವು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಆಗಿದೆ. ಅದರಲ್ಲಿ ಕಲಂ ಸಂಖ್ಯೆಗಳು ಬೇರೆ, ಆದರೆ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಮೊದಲನೆಯದು ನಿಮ್ಮ ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ. ಎರಡನೆಯದು ನಿಮಗೆ ಕೊಟ್ಟವರಿಗೆ ರಿಯಾಯಿತಿ. ಹೊಸ ಸಂಸ್ಥೆಗೆ ಮೊದಲು ತಾತ್ಕಾಲಿಕವಾಗಿ ಮೂರು ವರ್ಷಕ್ಕೆ ಸಿಗುತ್ತದೆ. ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪಿನಲ್ಲಿ ಬರೆದಿಡಿ. ಆಮೇಲೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ಹಚ್ಚಿ ಒಂದು ಸಂಖ್ಯೆ ಪಡೆಯಬೇಕು. ಕೇಂದ್ರ ಸರ್ಕಾರದ ಅನುದಾನಕ್ಕೆ ಅದು ಬೇಕೇ ಬೇಕು.

80ಜಿ ಬಗ್ಗೆ ಒಂದು ಮಾತು. "ತೆರಿಗೆ ಉಳಿಯುತ್ತೆ ಸರ್, ಕೊಡಿ" ಅಂತ ಕೇಳುವ ಅಭ್ಯಾಸ ನಮಗಿದೆ. ಈಗ ಸಂಬಳದಾರರಲ್ಲಿ ಬಹಳ ಜನ ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ. ಆ ಪದ್ಧತಿಯಲ್ಲಿ ಈ ರಿಯಾಯಿತಿ ಇಲ್ಲ. ನೀವು ಸುಮ್ನೆ ತೆರಿಗೆ ಕಥೆ ಹೇಳಿದರೆ ಅವರು "ನನಗೇನೂ ಉಳಿಯಲ್ಲ ಬಿಡಿ" ಅಂದುಬಿಡುತ್ತಾರೆ. ಕೆಲಸದ ಬಗ್ಗೆ ಹೇಳಿ ಕೇಳಿ. ನಗದು 2,000 ರೂಪಾಯಿಗಿಂತ ಜಾಸ್ತಿಯಾದರೆ ಹಳೆಯ ಪದ್ಧತಿಯವರಿಗೂ ರಿಯಾಯಿತಿ ಸಿಗುವುದಿಲ್ಲ, ಬ್ಯಾಂಕಿನ ಮೂಲಕವೇ ತೆಗೆದುಕೊಳ್ಳಿ.

ಈಗ ದುಡ್ಡು ಎಲ್ಲಿದೆ ಅನ್ನುವ ಮಾತು. ನಾನು ಹತ್ತಿರದಿಂದ ಶುರು ಮಾಡುತ್ತೇನೆ. ನಮ್ಮ ಹಿರಿಯರು ವಂತಿಗೆ ಅನ್ನುತ್ತಿದ್ದರು. ಜಾತ್ರೆಗೆ, ನಾಟಕಕ್ಕೆ, ಶಾಲೆಯ ಕೋಣೆಗೆ ಮನೆಮನೆ ವಂತಿಗೆ ಎತ್ತುತ್ತಿದ್ದರು. ಅನುದಾನ ಅನ್ನುವ ದೊಡ್ಡ ಶಬ್ದ ಬಂದ ಮೇಲೆ ವಂತಿಗೆ ಎತ್ತಲು ನಮಗೆ ನಾಚಿಕೆ. ಆದರೆ ನಾನು ಯಾವ ದೊಡ್ಡ ಫೌಂಡೇಶನ್ ಬಾಗಿಲಿಗೆ ಹೋದರೂ ಒಂದು ಪ್ರಶ್ನೆ ತಪ್ಪಿಲ್ಲ: "ನಿಮ್ಮ ಊರಿನವರು ಏನು ಹಾಕಿದ್ದಾರೆ?" ಈ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಮುಂದಿನ ಮಾತು ತಣ್ಣಗಾಗುತ್ತದೆ. ಊರಿನವರೇ ನಂಬದ ಕೆಲಸವನ್ನು ನಾವೇಕೆ ನಂಬಬೇಕು ಅಂತ ಅವರ ಲೆಕ್ಕ. ಅದರಲ್ಲಿ ತಪ್ಪೂ ಇಲ್ಲ, ಅಲ್ವಾ?

ವಂತಿಗೆ ಅಂದರೆ ದುಡ್ಡೇ ಆಗಬೇಕಿಲ್ಲ. ಖಾಲಿ ಕೋಣೆ, ಕರೆಂಟು, ವಾರಕ್ಕೆ ಎರಡು ಗಂಟೆ ಪಾಠ ಮಾಡುವ ನಿವೃತ್ತ ಮೇಷ್ಟ್ರು, ಎಲ್ಲಕ್ಕೂ ಬೆಲೆ ಕಟ್ಟಿ ಬರೆದಿಡಿ. ಗ್ರಂಥಾಲಯ ಮಾಡುತ್ತೇವೆ ಅನ್ನುವವರು ಇಲ್ಲಿ ನಾಲ್ಕೈದು ಜನ ಇದ್ದೀರಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿದ್ದೀರಾ? ಅಲ್ಲಿ ಮಕ್ಕಳಿಗಾಗಿ 'ಓದುವ ಬೆಳಕು' ಕಾರ್ಯಕ್ರಮ ಇದೆ. ಅದು ನಿಮ್ಮೂರಿನಲ್ಲಿ ನಡೆಯುತ್ತಿದೆಯಾ, ಇಲ್ಲವಾದರೆ ಏಕೆ ಇಲ್ಲ? ಇದನ್ನು ತಿಳಿಯದೆ ಹೊಸ ಗ್ರಂಥಾಲಯಕ್ಕೆ ದುಡ್ಡು ಕೇಳಿದರೆ, ಓದಿಕೊಂಡ ಅಧಿಕಾರಿ ಒಂದೇ ಪ್ರಶ್ನೆಯಲ್ಲಿ ನಿಮ್ಮನ್ನು ನಿಲ್ಲಿಸಿಬಿಡುತ್ತಾರೆ.

ಇನ್ನು ಎಲ್ಲರೂ ಕಾಯುತ್ತಿರುವ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ. ಇದು ಕಂಪನಿಗಳ ದಾನಬುದ್ಧಿ ಅಲ್ಲ, ಕಾನೂನು. ಕಂಪನಿ ಕಾಯ್ದೆಯ 135ನೇ ಕಲಂ, 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು.

ಈ ಕೊನೆಯ ಸಂಖ್ಯೆಯನ್ನು ಸ್ವಲ್ಪ ನೋಡಿ. ಲಾಭ 5 ಕೋಟಿ. ಸಿಎಸ್‌ಆರ್ ಅಂದ ಕೂಡಲೇ ನಾವೆಲ್ಲ ಬೆಂಗಳೂರಿನ ಗಾಜಿನ ಕಟ್ಟಡಗಳ ಕಡೆ ನೋಡುತ್ತೇವೆ. ಅಲ್ಲಿ ದಿನಕ್ಕೆ ಎಷ್ಟು ಅರ್ಜಿ ಬೀಳುತ್ತವೋ ದೇವರೇ ಬಲ್ಲ. ಐದು ಕೋಟಿ ಲಾಭ ಮಾಡುವ ಕಂಪನಿ ನಿಮ್ಮ ಜಿಲ್ಲೆಯಲ್ಲೇ ಇರಬಹುದು. ಸಕ್ಕರೆ ಕಾರ್ಖಾನೆ, ಗ್ರಾನೈಟ್ ರಫ್ತು ಮಾಡುವವರು, ಸಿದ್ಧ ಉಡುಪಿನ ಘಟಕ, ಬೀಜದ ಕಂಪನಿ. ಸರಾಸರಿ ಐದು ಕೋಟಿಗೆ ಶೇ 2 ಅಂದರೆ 10 ಲಕ್ಷ. ನಮಗೆ ಬೇಕಾದ್ದು ಅಷ್ಟರೊಳಗೇ ಇದೆ. ಇನ್ನೊಂದು ಗುಟ್ಟು. ಸಿಎಸ್‌ಆರ್ ಮೊತ್ತ 50 ಲಕ್ಷ ಮೀರದ ಕಂಪನಿ ಅದಕ್ಕಾಗಿ ಪ್ರತ್ಯೇಕ ಸಮಿತಿ ಮಾಡಬೇಕಾಗಿಲ್ಲ. ನಿರ್ದೇಶಕರ ಮಂಡಳಿಯೇ ತೀರ್ಮಾನ ಮಾಡುತ್ತದೆ. ಅಂದರೆ ಅಲ್ಲಿ ಸಿಎಸ್‌ಆರ್ ವಿಭಾಗ ಅಂತ ಬೋರ್ಡ್ ಹುಡುಕಬೇಡಿ. ಮಾಲೀಕರನ್ನೋ, ಲೆಕ್ಕ ನೋಡುವ ಅಧಿಕಾರಿಯನ್ನೋ ಭೇಟಿ ಮಾಡಿ. ಅವರಿಗೂ ಎಲ್ಲಿ ಕೊಡುವುದು ಅನ್ನುವುದು ತಲೆನೋವೇ. ಕಂಪನಿ ಕೆಲಸ ಮಾಡುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಆ ಸಾಲು ನಿಮ್ಮ ಪರವಾಗಿದೆ.

ಹೇಗೆ ಹುಡುಕುವುದು? ಕಂಪನಿ ವ್ಯವಹಾರಗಳ ಸಚಿವಾಲಯದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್ ಇದೆ. ಯಾವ ಕಂಪನಿ, ಯಾವ ರಾಜ್ಯದಲ್ಲಿ, ಯಾವ ಕ್ಷೇತ್ರಕ್ಕೆ, ಎಷ್ಟು ಖರ್ಚು ಮಾಡಿದೆ ಅಂತ ಅಲ್ಲಿ ನೋಡಬಹುದು. ಯಾರೂ ಪಾಸ್‌ವರ್ಡ್ ಕೇಳುವುದಿಲ್ಲ. ಮಂಡಳಿ ಒಪ್ಪಿದ ಯೋಜನೆಗಳ ವಿವರವನ್ನು ಕಂಪನಿ ತನ್ನ ವೆಬ್‌ಸೈಟ್ ಇದ್ದರೆ ಅಲ್ಲಿ ಹಾಕಲೇಬೇಕು. ನಮ್ಮ ಕೇಂದ್ರದಲ್ಲಿ ಒಬ್ಬ ಹುಡುಗಿ ಎರಡು ದಿನ ಕೂತು ಇದನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿದಳು. ಕಂಪನಿ ಹೆಸರು, ಹಿಂದೆ ಏನಕ್ಕೆ ಕೊಟ್ಟಿದ್ದಾರೆ, ಎಷ್ಟು ಕೊಟ್ಟಿದ್ದಾರೆ, ನಮ್ಮ ಕಡೆ ಕೊಟ್ಟಿದ್ದಾರಾ, ಯಾವ ಸಂಸ್ಥೆಯ ಮೂಲಕ. ನಲವತ್ತರ ಪಟ್ಟಿ ಆರಕ್ಕೆ ಇಳಿಯಿತು. ಆ ಆರು ಜನಕ್ಕೆ ಆರು ಬೇರೆ ಬೇರೆ ಪತ್ರ ಬರೆದೆವು. ಇಬ್ಬರು ಕರೆದರು. ಒಬ್ಬರು ಕೊಟ್ಟರು. ಇದಕ್ಕಿಂತ ಒಳ್ಳೆಯ ಲೆಕ್ಕ ನಿಮಗೆ ಬರಬಹುದು, ನಮಗೆ ಬಂದದ್ದು ಇಷ್ಟು.

ಒಂದು ತೊಡಕು ಇದೆ. ಕಂಪನಿ ಹೊರಗಿನ ಸಂಸ್ಥೆಯ ಮೂಲಕ ಸಿಎಸ್‌ಆರ್ ದುಡ್ಡು ಖರ್ಚು ಮಾಡಬೇಕಾದರೆ ಆ ಸಂಸ್ಥೆಗೆ 12ಎ, 80ಜಿ ಎರಡೂ ಇರಬೇಕು, ಅಂಥದ್ದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಇರಬೇಕು. 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಅನ್ನುವ ನೋಂದಣಿಯೂ ಬೇಕು. ಹೋದ ವರ್ಷ ಹುಟ್ಟಿದ ಸಂಸ್ಥೆಯವರು ಈ ಬಾಗಿಲನ್ನು ಈಗ ತಟ್ಟಬೇಡಿ. ಮೂರು ವರ್ಷ ವಂತಿಗೆಯಲ್ಲಿ, ಸಣ್ಣಪುಟ್ಟ ನೆರವಿನಲ್ಲಿ ನಡೆಸಿ, ಪ್ರತಿ ವರ್ಷ ಆಡಿಟ್ ಮಾಡಿಸಿ. ಆ ಮೂರು ವರದಿಗಳೇ ಮುಂದೆ ನಿಮ್ಮ ಅರ್ಹತೆ.

ಕಂಪನಿ ಬಿಟ್ಟರೆ ಫೌಂಡೇಶನ್‌ಗಳು. ಟಾಟಾ ಟ್ರಸ್ಟ್‌ಗಳು ನೂರು ವರ್ಷಕ್ಕೂ ಹಳೆಯವು. ನಮ್ಮ ಬೆಂಗಳೂರಿನಲ್ಲೇ ಅಜೀಂ ಪ್ರೇಮ್‌ಜಿ ಫೌಂಡೇಶನ್ ಇದೆ, ಇನ್ಫೋಸಿಸ್ ಫೌಂಡೇಶನ್ ಇದೆ. ಇವರ ಕ್ಷೇತ್ರ, ಅರ್ಜಿ ಹಾಕುವ ರೀತಿ ಒಂದೊಂದೂ ಬೇರೆ. ಕೆಲವರು ಅರ್ಜಿಯನ್ನೇ ಕರೆಯುವುದಿಲ್ಲ, ತಾವೇ ಹುಡುಕಿಕೊಂಡು ಬರುತ್ತಾರೆ. ಕಲೆಯ ಕ್ಷೇತ್ರದವರಿಗೆ ಒಂದು ಖುಷಿಯ ಸುದ್ದಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಅಂತ ಇದೆ, ಐಎಫ್‌ಎ ಅನ್ನುತ್ತಾರೆ. 1993ರಲ್ಲಿ ಹುಟ್ಟಿದ ಸಂಸ್ಥೆ. ಅವರಿಗೆ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಕರ್ನಾಟಕದ ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೂ ಅವರು ಅನುದಾನ ಕೊಟ್ಟಿದ್ದಾರೆ. ಇಂಗ್ಲಿಷ್ ಬರುವುದಿಲ್ಲ ಅಂತ ಸುಮ್ಮನೆ ಕೂತವರು ಎಷ್ಟೋ ಜನ. ಮಿಕ್ಕ ಕಡೆಗೂ ನನ್ನ ಸಲಹೆ ಒಂದೇ. ಮೊದಲು ಕನ್ನಡದಲ್ಲಿ ಪೂರ್ತಿ ಬರೆಯಿರಿ. ನಿಮ್ಮ ಕೆಲಸ ನಿಮಗೆ ಎಲ್ಲಿ ಸ್ಪಷ್ಟವಾಗಿಲ್ಲವೋ ಅದು ಕನ್ನಡದಲ್ಲಿ ಕೂಡಲೇ ಬಯಲಾಗುತ್ತದೆ. ಇಂಗ್ಲಿಷಿನಲ್ಲಿ ನಾವು ದೊಡ್ಡ ಶಬ್ದದ ಹಿಂದೆ ಅಡಗಿಬಿಡುತ್ತೇವೆ.

ಸ್ವಲ್ಪ ದಾರಿ ತಪ್ಪುತ್ತೇನೆ, ಆದರೆ ಇದು ನಮ್ಮದೇ ರಾಜ್ಯದ ಕಥೆ. ಇವತ್ತು ಹಳ್ಳಿಹಳ್ಳಿಯಲ್ಲಿ ಸ್ವಸಹಾಯ ಸಂಘ ಇದೆ. ಮೈರಾಡಾ ಅನ್ನುವ ಸ್ವಯಂಸೇವಾ ಸಂಸ್ಥೆ ಎಂಬತ್ತರ ದಶಕದಲ್ಲಿ ಇಲ್ಲಿ ಕೆಲಸ ಮಾಡುತ್ತಿದ್ದಾಗ, ಅವರು ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆದುಹೋದವು. ಒಡೆದ ಮೇಲೆ ಜನ ತಮಗೆ ನಂಬಿಕೆ ಇದ್ದವರ ಜೊತೆ ಸಣ್ಣ ಸಣ್ಣ ಗುಂಪಾಗಿ ಸೇರಿಕೊಂಡರು. 1987ರಲ್ಲಿ ನಬಾರ್ಡ್, ಅಂದರೆ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್, ಆ ಗುಂಪುಗಳ ಮೇಲೆ ಪ್ರಯೋಗ ಮಾಡಲು ಮೈರಾಡಾಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಶುರು ಮಾಡಿತು. ಮುಂದಿನದು ನಿಮಗೇ ಗೊತ್ತು. ನನಗೆ ಇದರಲ್ಲಿ ಇಷ್ಟವಾಗುವುದು ಏನೆಂದರೆ, ಮೂಲದಲ್ಲಿ ಇದ್ದದ್ದು ಒಂದು ಸೋಲು. ನಮ್ಮ ಅರ್ಜಿಗಳಲ್ಲಿ ಸೋಲು ಎಲ್ಲಿಯೂ ಇರುವುದಿಲ್ಲ. ಎಲ್ಲ ಶೇಕಡ ನೂರು ಯಶಸ್ಸು. ಓದುವವರಿಗೆ ಅದು ನಂಬಲು ಕಷ್ಟ. ನಮ್ಮ ಒಂದು ಅರ್ಜಿಯಲ್ಲಿ "ಏಳನೇ ತರಗತಿಯ ಗಂಡುಮಕ್ಕಳು ಮೂರು ತಿಂಗಳಲ್ಲಿ ಬರುವುದು ಬಿಟ್ಟರು, ಏಕೆಂದರೆ ನಾವು ಆಟದ ಸಮಯಕ್ಕೆ ತರಗತಿ ಇಟ್ಟಿದ್ದೆವು" ಅಂತ ಬರೆದಿದ್ದೆವು. ಸಂದರ್ಶನದಲ್ಲಿ ಅವರು ಅರ್ಧ ಗಂಟೆ ಮಾತಾಡಿದ್ದು ಅದರ ಬಗ್ಗೆಯೇ.

ಸರ್ಕಾರಿ ಅನುದಾನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಾಂಸ್ಕೃತಿಕ ಸಂಘ-ಸಂಸ್ಥೆಗಳಿಗೆ ಧನಸಹಾಯಕ್ಕೆ ಅರ್ಜಿ ಕರೆಯುತ್ತದೆ. ಕೊನೆಯ ದಿನಾಂಕದ ಮೇಲೆ ಕಣ್ಣಿಡಿ. ಕಟ್ಟಡ, ಕುಡಿಯುವ ನೀರಿನಂಥ ಬಾಳಿಕೆಯ ಆಸ್ತಿ ಬೇಕಾದರೆ ಸಂಸದರ ನಿಧಿ ಇದೆ, ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ. ಅದರಿಂದ ಸಂಬಳ ಕೊಡಲು ಆಗುವುದಿಲ್ಲ, ಕೇಳಲೇಬೇಡಿ. ಕೇಂದ್ರದ ಅನುದಾನ ಬಂದರೆ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕು. ಆ ದುಡ್ಡು ಬ್ಯಾಂಕಿನಲ್ಲಿದ್ದಾಗ ಬಂದ ಬಡ್ಡಿಯೂ ಸರ್ಕಾರದ್ದೇ. ಕಂತು ತಡವಾಗುವುದು ಮಾಮೂಲಿ. ಕೈಯಲ್ಲಿ ನಾಲ್ಕು ತಿಂಗಳ ಸಂಬಳದ ದುಡ್ಡು ಇಲ್ಲದೆ ಸರ್ಕಾರಿ ಯೋಜನೆ ಒಪ್ಪಿಕೊಂಡರೆ ಮೇಷ್ಟ್ರುಗಳ ಮುಖ ನೋಡಲು ಆಗುವುದಿಲ್ಲ.

ವಿದೇಶಿ ದುಡ್ಡಿನ ಬಗ್ಗೆ ಎರಡೇ ಮಾತು. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. ಮೂರು ವರ್ಷ ಹಳೆಯ ಸಂಸ್ಥೆಯಾಗಿರಬೇಕು, ಆ ಮೂರು ವರ್ಷದಲ್ಲಿ ಮುಖ್ಯ ಕೆಲಸಕ್ಕೆ 15 ಲಕ್ಷ ಖರ್ಚು ಮಾಡಿರಬೇಕು. 2020ರ ತಿದ್ದುಪಡಿ ಆದ ಮೇಲೆ, ವಿದೇಶಿ ದುಡ್ಡು ಪಡೆದ ದೊಡ್ಡ ಸಂಸ್ಥೆ ಅದರಲ್ಲಿ ಸಣ್ಣ ಸಂಸ್ಥೆಗೆ ಪಾಲು ಕೊಡುವಂತಿಲ್ಲ. ನಮ್ಮಂಥವರಿಗೆ ದೊಡ್ಡ ಪೆಟ್ಟು ಬಿದ್ದದ್ದು ಅಲ್ಲೇ. ಇನ್ನೊಂದು, ಇದರಲ್ಲಿ ಬಹಳ ಜನ ಎಡವುತ್ತಾರೆ. ನಿಮ್ಮ ಅಣ್ಣ ಅಮೆರಿಕದಲ್ಲಿದ್ದಾನೆ, ಭಾರತದ ಪಾಸ್‌ಪೋರ್ಟೇ ಇದೆ, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅವನೇ ಅಮೆರಿಕದ ಪೌರನಾಗಿದ್ದರೆ, ಅದೇ ನೂರು ಡಾಲರ್ ವಿದೇಶಿ ದೇಣಿಗೆ. ಅಣ್ಣನೇ ಅಲ್ವಾ ಅಂತ ತೆಗೆದುಕೊಂಡು ಕೂತರೆ ಕಷ್ಟ. ಪಾಸ್‌ಪೋರ್ಟ್ ಪ್ರತಿ ಕೇಳಿ ಇಟ್ಟುಕೊಳ್ಳಿ, ನಾಚಿಕೆ ಬೇಡ.

ಈಗ ಬಜೆಟ್. ಇದಕ್ಕೆ ಸ್ವಲ್ಪ ಹೊತ್ತು ಬೇಕು, ಏಕೆಂದರೆ ಅರ್ಜಿಯಲ್ಲಿ ಅವರು ಮೊದಲು ತೆರೆಯುವ ಪುಟ ಇದೇ. ನಮ್ಮ ಸಂಜೆ ಕೇಂದ್ರದ್ದೇ ಹೇಳುತ್ತೇನೆ. ಅರವತ್ತು ಮಕ್ಕಳು. ಇಬ್ಬರು ಶಿಕ್ಷಕರು, ತಿಂಗಳಿಗೆ 8,000ದಂತೆ ಹತ್ತು ತಿಂಗಳು, 1,60,000. ಬಾಡಿಗೆ ತಿಂಗಳಿಗೆ 3,000, ವರ್ಷಕ್ಕೆ 36,000. ಪುಸ್ತಕ, ಕಲಿಕಾ ಸಾಮಗ್ರಿ 30,000. ಕರೆಂಟು, ಗುಡಿಸುವುದು, ಸಣ್ಣ ರಿಪೇರಿ 14,000. ಒಟ್ಟು 2,40,000. ಒಂದು ಮಗುವಿಗೆ ವರ್ಷಕ್ಕೆ 4,000. ಎಷ್ಟು ಕಡಿಮೆ ನೋಡಿ, ಎಂಥ ಸರಳ ಸಂಸ್ಥೆ ಅಂತ ಹೆಮ್ಮೆಯಿಂದ ತೆಗೆದುಕೊಂಡು ಹೋದೆ.

ಎದುರು ಕೂತಿದ್ದ ಅಧಿಕಾರಿ ಕೇಳಿದರು: "ಸಂಜೆ ಬಾಗಿಲು ತೆಗೆಯುವವರು ಯಾರು? ಶಿಕ್ಷಕರು ರಜೆ ಹಾಕಿದರೆ ಯಾರು ನೋಡುತ್ತಾರೆ? ನಮಗೆ ವರದಿ ಬರೆಯುವವರು ಯಾರು? ಲೆಕ್ಕ ಬರೆಯುವವರು ಯಾರು?" ನಾನು ಎಲ್ಲದಕ್ಕೂ "ನಾನೇ" ಅಂದೆ. "ನಿಮಗೆ ಜ್ವರ ಬಂದರೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಪೆನ್ನು ತೆಗೆದು ನನ್ನ ಹಾಳೆಯ ಕೆಳಗೆ ಎರಡು ಸಾಲು ಬರೆದರು. ಸಂಯೋಜಕರ ಅರ್ಧ ದಿನದ ಸಂಬಳ ತಿಂಗಳಿಗೆ 9,000ದಂತೆ 1,08,000. ಲೆಕ್ಕ ಮತ್ತು ಆಡಿಟ್ 24,000. ಒಟ್ಟು 3,72,000 ಆಯಿತು. ಒಂದು ಮಗುವಿಗೆ 6,200. "ಇದು ನಿಜವಾದ ಖರ್ಚು. ನೀವು ತಂದದ್ದು ನಿಮ್ಮ ಬೆವರನ್ನು ಮುಚ್ಚಿಟ್ಟ ಖರ್ಚು" ಅಂದರು. ನನಗೆ ಆ ಮಾತು ಮರೆಯಲು ಆಗಿಲ್ಲ.

ಆಮೇಲೆ ನಮ್ಮ ಪಾಲು ಬರೆದೆವು. ಕೋಣೆ ಒಬ್ಬರು ಬಾಡಿಗೆ ಇಲ್ಲದೆ ಕೊಡಲು ಒಪ್ಪಿದರು, ಅದು 36,000ದ ಬೆಲೆ. ವಂತಿಗೆ ಇನ್ನೊಂದು 36,000. ಉಳಿದದ್ದು ಸರಿಯಾಗಿ ಮೂರು ಲಕ್ಷ. ಅಷ್ಟನ್ನೇ ಕೇಳಿದೆವು. ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಸಿಎಸ್‌ಆರ್‌ನಲ್ಲಿ ಆಡಳಿತ ವೆಚ್ಚ ಶೇ 5 ಮೀರಬಾರದು ಅಂತ ನಿಯಮ ಇದೆಯಲ್ಲ, ಅದು ಕಂಪನಿ ತನ್ನ ಸಿಎಸ್‌ಆರ್ ಕೆಲಸ ನೋಡಿಕೊಳ್ಳಲು ಮಾಡುವ ಸಾಮಾನ್ಯ ಆಡಳಿತ ಖರ್ಚಿಗೆ. ನಿಮ್ಮ ಯೋಜನೆಯನ್ನು ನಡೆಸುವ ಸಂಯೋಜಕರ ಸಂಬಳಕ್ಕೆ ಅಲ್ಲ. ಇದು ಗೊತ್ತಿಲ್ಲದೆ ಕಂಪನಿಯವರೇ ಕೆಲವೊಮ್ಮೆ ಸಂಬಳದ ಸಾಲು ಹೊಡೆದುಹಾಕುತ್ತಾರೆ. ವಿನಯವಾಗಿ ನಿಯಮ ತೋರಿಸಿ.

ಕೇಳುವುದು ಇಷ್ಟಾಯಿತು. ಬೇಡ ಅನ್ನುವುದು ಇನ್ನೂ ಕಷ್ಟ. ಒಂದು ವರ್ಷ ಮಾರ್ಚ್ ಎರಡನೇ ವಾರ ಒಂದು ಕಂಪನಿಯಿಂದ ಫೋನ್ ಬಂತು. "ನಾಲ್ಕು ಲಕ್ಷ ಉಳಿದಿದೆ. 31ರೊಳಗೆ ಖರ್ಚು ಮಾಡಿ ಬಿಲ್ ಕೊಡ್ತೀರಾ? ಕಂಪ್ಯೂಟರ್ ತೆಗೆದುಕೊಳ್ಳಿ, ಸುಲಭ." ನಾವು ಕಂಪ್ಯೂಟರ್ ಕೇಳಿರಲಿಲ್ಲ. ಆದರೆ ನಾಲ್ಕು ಲಕ್ಷ! ಹೂಂ ಅಂದೆ. ಹತ್ತು ಕಂಪ್ಯೂಟರ್ ಬಂದವು. ನಮ್ಮ ಕಡೆ ಸಂಜೆ ಕರೆಂಟು ಇರುವುದೇ ಅಪರೂಪ. ಯುಪಿಎಸ್‌ಗೆ ಬಜೆಟ್ ಇರಲಿಲ್ಲ, ಕಲಿಸುವವರಿಗೂ ಇರಲಿಲ್ಲ. ಗ್ರಂಥಾಲಯದ ಎರಡು ಮೇಜು ಅವಕ್ಕೆ ಹೋಯಿತು, ಮಕ್ಕಳು ನೆಲದ ಮೇಲೆ ಕೂತರು. ಎರಡು ವರ್ಷ ಬೆಡ್‌ಶೀಟ್ ಹೊದಿಸಿ ಇಟ್ಟಿದ್ದೆವು, ಧೂಳು ಬೀಳದಿರಲಿ ಅಂತ.

ಈಗ ಅಂಥ ಫೋನ್ ಬಂದರೆ ಏನು ಹೇಳಬೇಕು ಅಂತ ಗೊತ್ತಾಗಿದೆ. ಕಾನೂನಿನಲ್ಲೇ ದಾರಿ ಇದೆ. ಒಂದು ವರ್ಷಕ್ಕೂ ಮೀರಿ ನಡೆಯುವ ಯೋಜನೆಯನ್ನು ಮಂಡಳಿ 'ಚಾಲ್ತಿ ಯೋಜನೆ' ಅಂತ ಒಪ್ಪಿಕೊಂಡಿದ್ದರೆ, ವರ್ಷದಲ್ಲಿ ಖರ್ಚಾಗದ ದುಡ್ಡನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ ಮೂರು ಹಣಕಾಸು ವರ್ಷಗಳಲ್ಲಿ ಬಳಸಬಹುದು. ಹಾಗಾಗಿ ಮಾರ್ಚ್ ತನಕ ಕಾಯಬೇಡಿ. ಮೊದಲ ಮಾತುಕತೆಯಲ್ಲೇ "ಇದನ್ನು ಮೂರು ವರ್ಷದ ಯೋಜನೆಯಾಗಿ ಒಪ್ಪಿಕೊಳ್ಳುತ್ತೀರಾ?" ಅಂತ ಕೇಳಿ. ಇಲ್ಲ ಅಂದರೂ ನಷ್ಟವಿಲ್ಲ.

ದುಡ್ಡು ಬಂದ ಮೇಲಿನ ಕೆಲಸ ಸಣ್ಣದಾಗಿ ಹೇಳುತ್ತೇನೆ. ಪ್ರತಿ ಅನುದಾನಕ್ಕೂ ಬೇರೆ ಲೆಡ್ಜರ್. ಪುಸ್ತಕದ ಗಂಟು ತಂದ ಆಟೋದವರು ಬಿಲ್ ಕೊಡುವುದಿಲ್ಲ. ನೀವೇ ವೋಚರ್ ಬರೆದು, ಎಲ್ಲಿಂದ ಎಲ್ಲಿಗೆ, ಏನು ತಂದದ್ದು ಅಂತ ನಮೂದಿಸಿ, ಅವರ ಸಹಿ ಹಾಕಿಸಿ. ಅದನ್ನು ಅವತ್ತೇ ಮಾಡಬೇಕು, ಮಾರ್ಚ್‌ನಲ್ಲಿ ಅಲ್ಲ. ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಬರೆದ ಹನ್ನೆರಡು ತಿಂಗಳ ವೋಚರ್ ನೋಡಿ ನಮ್ಮ ಆಡಿಟರ್ ನಕ್ಕಿದ್ದು ಇನ್ನೂ ಕಣ್ಣ ಮುಂದಿದೆ. 5,000 ರೂಪಾಯಿ ಮೀರಿದ ನಗದು ರಸೀದಿಗೆ ಒಂದು ರೂಪಾಯಿಯ ರೆವೆನ್ಯೂ ಸ್ಟ್ಯಾಂಪ್ ಅಂಟಿಸಿ.

ಹಾಗೇ ಇತ್ತೀಚಿನ ಒಂದು ವಿಚಿತ್ರ ಹೇಳಬೇಕು. ಷೇರುಪೇಟೆಯಲ್ಲೂ ಈಗ ನಮ್ಮಂಥವರಿಗೆ ಜಾಗ ಇದೆ, ಸಾಮಾಜಿಕ ಷೇರು ವಿನಿಮಯ ಕೇಂದ್ರ ಅಂತ. 2023ರ ಡಿಸೆಂಬರ್‌ನಲ್ಲಿ ಅದರಲ್ಲಿ ಮೊದಲು ಹೆಸರು ಪಟ್ಟಿಯಾದದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್. ಅಲ್ಲಿ ಮಾರುವ ಬಾಂಡಿಗೆ ಬಡ್ಡಿಯೂ ಇಲ್ಲ, ಅಸಲೂ ವಾಪಸ್ ಇಲ್ಲ. ನಮ್ಮ ಅಜ್ಜಿಗೆ ಇದನ್ನು ಹೇಳಿದ್ದರೆ "ಅದಕ್ಕೆ ದಾನ ಅಂತಾರೆ ಕಣೋ" ಅನ್ನುತ್ತಿದ್ದರು. ನಮ್ಮ ಅಳತೆಯ ಸಂಸ್ಥೆಗಳಿಗೆ ಅದು ಸದ್ಯಕ್ಕೆ ದೂರದ ಮಾತು.

ಯಾರೋ ಚೀಟಿ ಕಳಿಸಿದ್ದಾರೆ: "ಅನುದಾನ ಮುಗಿದ ಮೇಲೆ ಏನು?" ನಮಗೆ ಮೂರು ವರ್ಷದ ಅನುದಾನ ಮುಗಿಯುತ್ತದೆ ಅಂತ ಮೂರು ವರ್ಷ ಮೊದಲೇ ಗೊತ್ತಿತ್ತು. ಆದರೂ ಎಚ್ಚರವಾದದ್ದು ಕೊನೆಯ ಕಂತು ಬಂದಾಗ. ಈಗ ನಾವು ಅರ್ಧ ದಾರಿಯಲ್ಲಿ, ಅಂದರೆ ಹದಿನೆಂಟನೇ ತಿಂಗಳಲ್ಲಿ, ಮುಂದಿನ ಆರು ಪತ್ರ ಬರೆಯಲು ಶುರು ಮಾಡುತ್ತೇವೆ. ಆ ಸಲ ಮಾತ್ರ ನಾಲ್ಕು ತಿಂಗಳು ಕೈ ಖಾಲಿ ಇತ್ತು. ಮಕ್ಕಳ ತಾಯಂದಿರು ಇಬ್ಬರು ರಸೀದಿ ಪುಸ್ತಕ ಹಿಡಿದು ಹೊರಟರು. ಐವತ್ತು, ನೂರು, ಒಂದು ಕಡೆ ಇಪ್ಪತ್ತು. ಶಿಕ್ಷಕರಿಗೆ ಅರ್ಧ ಸಂಬಳ ಅದರಲ್ಲಿ ಹೋಯಿತು, ಇನ್ನರ್ಧವನ್ನು ಅವರು ಆಮೇಲೆ ತೆಗೆದುಕೊಂಡರು. ಮುಂದಿನ ಅರ್ಜಿಯ ಜೊತೆ ನಾವು ಆ ರಸೀದಿಗಳ ನಕಲನ್ನೇ ಇಟ್ಟೆವು. ಫೋಟೋ, ಪ್ರಶಸ್ತಿ ಪತ್ರ ಏನೂ ಇಡಲಿಲ್ಲ.

ಆ ಪುಸ್ತಕ ಇಲ್ಲೇ ತಂದಿದ್ದೇನೆ. ಹಿಂದಿನ ಸಾಲಿನಿಂದ ಶುರು ಮಾಡಿ ಒಬ್ಬೊಬ್ಬರಾಗಿ ನೋಡಿ. ಸಂಜೆ ಮರೆಯದೆ ವಾಪಸ್ ಕೊಡಿ, ಆಡಿಟರ್‌ಗೆ ತೋರಿಸುವುದು ಇನ್ನೂ ಬಾಕಿ ಇದೆ.